ಕಡತಕ್ಕೆ ಹೋಗದ ಹತ್ತು ನಿಮಿಷ

ಸುಣ್ಣದ ಬಕೇಟಿಗೆ ಬ್ರಷ್ ಅದ್ದಿ ದಾನೇಶ್ವರಿ ಜಗಲಿಯ ಗೋಡೆಗೆ ಎಳೆಯತೊಡಗಿದಾಗ ಹಿತ್ತಿಲಲ್ಲಿ ಅವಳ ಸೋದರಮಾವನ ದೇಹಕ್ಕೆ ನೀರು ಹಾಕುತ್ತಿದ್ದರು. ಚೊಂಬಿನ ಸದ್ದು ಇಲ್ಲಿಗೇ ಕೇಳುತ್ತಿತ್ತು. ಸಾವಾದ ದಿನ ಯಾರಾದರೂ ಗೋಡೆಗೆ ಸುಣ್ಣ ಬಳಿಯುತ್ತಾರೆಯೇ? ಈ ಮನೆಯಲ್ಲಿ ಬಳಿಯುತ್ತಾರೆ. ಯಾಕೆಂದರೆ ದೊಡ್ಡವರು ಬರುತ್ತಿದ್ದಾರೆ.

"ಬಿರ್‍ರನೆ ಎಳಿಯೇ," ಎಂದಳು ಅತ್ತೆ ಗಿರಿಜಾಂಬಿಕಾ, ಬಾಗಿಲಿಗೆ ಬಂದು. ಬೆಳಗಿನಿಂದ ಅತ್ತು ಅವಳ ದನಿ ಬಿದ್ದುಹೋಗಿತ್ತು, ಯಜಮಾನಿಕೆ ಮಾತ್ರ ಬಿದ್ದಿರಲಿಲ್ಲ. "ಅಲ್ಲೇ ಕೂರಿಸ್ಬೇಕು ಅವ್ರನ್ನ. ಸ್ಪೀಕರ್ ಸಾಹೇಬ್ರು ಬಂದು ಪಕ್ಕದಲ್ಲಿ ಕೂತ್ಕತ್ತಾರೆ, ಫೋಟೋ ತೆಗೀತಾರೆ. ಹಿಂದ್ಗಡೆ ಕೋಳಿ ಕೆದರ್ದಂಗೆ ಗೀಚಿರೋದು ಕಂಡ್ರೆ ಜನ ಏನಂದಾರು? ಕೊನೆಗಾಲ್ದಲ್ಲಿ ತಲೆ ಕೆಟ್ಟಿತ್ತು ಅನ್ನಲ್ವಾ?"

"ಮಾಜಿ ಸ್ಪೀಕರ್ರು ಅತ್ತೆ."

"ಮಾಜಿ ಆದ್ರೇನು? ಆನೆ ಇದ್ರೂ ಸಾವ್ರ, ಸತ್ರೂ ಸಾವ್ರ. ನೀನು ಸುಣ್ಣ ಎಳಿ."

ಇಪ್ಪತ್ತೆರಡು ದಿನದ ಹಿಂದೆ ಮಾವ ವೀರಭದ್ರಯ್ಯನವರಿಗೆ ಲಕ್ವ ಹೊಡೆದು ಬಲಗೈ ಬಿತ್ತು, ಮಾತು ಬಿತ್ತು. ಗಾಳಿಯಾಡಲೆಂದು ಜಗಲಿಯಲ್ಲೇ ಮಂಚ ಹಾಕಿದ್ದರು. ಮೂರನೆಯ ದಿನ ಎಡಗೈಯನ್ನು ಗಾಳಿಯಲ್ಲಿ ಆಡಿಸಿ ಪೆನ್ಸಿಲ್ ಕೇಳಿದರು. ದಾನೇಶ್ವರಿಯೇ ಕೊಟ್ಟಳು, ಜಾರಿ ಬೀಳದಂತೆ ಮಣಿಕಟ್ಟಿಗೆ ದಾರ ಕಟ್ಟಿ. ಕಾಗದ ಕೊಟ್ಟರೆ ಒಂದು ಕೈಯಲ್ಲಿ ಹಿಡಿದು ಬರೆಯಲಾಗುತ್ತಿರಲಿಲ್ಲ. ಗೋಡೆಯ ಮೇಲೇ ಬರೆಯತೊಡಗಿದರು. ಕೊಕ್ಕೆ, ಬಿಲ್ಲು, ಚುಕ್ಕೆ, ಅಡ್ಡಗೀಟು. ಬೆಳಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು, ಬೆವರು ಸುರಿಸಿಕೊಂಡು.

ಇದು ಶಾರ್ಟ್‌ಹ್ಯಾಂಡ್ ಇರಬಹುದೇ ಎಂದು ಅವಳಿಗೆ ಒಂದು ಸಲ ಅನ್ನಿಸಿತ್ತು. ಮೂವತ್ತೆಂಟು ವರ್ಷ ವಿಧಾನಸಭೆಯಲ್ಲಿ ಶೀಘ್ರಲಿಪಿ ವರದಿಗಾರರಾಗಿದ್ದವರ ಮನೆಯಲ್ಲಿ ಅನ್ನಿಸದೆ ಇರುತ್ತದೆಯೇ? ಆದರೆ ಮಾವನ ಹಳೆಯ ಪುಸ್ತಕಗಳಲ್ಲಿ ಆ ಗೀಟುಗಳು ಇರುವೆಸಾಲಿನಂತೆ ಅಚ್ಚುಕಟ್ಟಾಗಿರುತ್ತಿದ್ದವು. ಇವು ಗೋಡೆಯ ಮೇಲೆ ಅಡ್ಡಾದಿಡ್ಡಿ. ಡಾಕ್ಟರು ನೋಡಿ, "ಮಿದುಳಿಗೆ ಪೆಟ್ಟಾಗಿದೆಯಲ್ಲಮ್ಮ, ಹಳೇ ಕೈಯಾಡ್ತದೆ ಅಷ್ಟೆ, ಅರ್ಥ ಇರಲ್ಲ" ಎಂದಿದ್ದರು. ಅವಳು ನಂಬಿದಳು. ನಂಬುವುದು ಸುಲಭವಾಗಿತ್ತು.

ಒಂದು ಮಾರಗಲ ಸುಣ್ಣ ಬಳಿಯುವಷ್ಟರಲ್ಲಿ ಮಾವನ ಅಣ್ಣನ ಮಗ ಪರಮೇಶ್ ಒಳಗಿನಿಂದ ಕೂಗಿದ, "ತರ್ತಾ ಇದೀವಿ, ದಾರಿ ಬುಡಿ!" ಮಿಕ್ಕ ಗೋಡೆಗೆ ಅತ್ತೆ ಮಡಿಸಿದ ಬಿಳಿ ಪಂಚೆಯೊಂದನ್ನು ಬಿಚ್ಚಿ ಮೊಳೆಗೆ ಸಿಕ್ಕಿಸಿದಳು. ಮಾವನನ್ನು ಅದರ ಮುಂದೆ ಪದ್ಮಾಸನದಲ್ಲಿ ಕೂರಿಸಿದರು. ಹಣೆಗೆ ಮೂರು ಬೆರಳು ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೆಲಸಕ್ಕೆ ಹೋಗುವಾಗ ಹಾಕುತ್ತಿದ್ದುದೂ ಅಂಥದ್ದೇ ಅಂಗಿ.

*

ದಾನೇಶ್ವರಿ ಹುಟ್ಟಿದ ದಿನವೇ ಅವಳ ತಾಯಿ ಸತ್ತಳು. ಹೆಸರು ಹೊಂಬಾಳಮ್ಮ, ವೀರಭದ್ರಯ್ಯನವರ ಒಬ್ಬಳೇ ತಂಗಿ. ಹೋಬಳಿ ಆಸ್ಪತ್ರೆಯಲ್ಲಿ ಹೆರಿಗೆಯೇನೋ ಆಯಿತು, ರಕ್ತ ನಿಲ್ಲಲಿಲ್ಲ. ಡಾಕ್ಟರು ಇರಲಿಲ್ಲ, ಎಂಟು ತಿಂಗಳಿಂದ ಆ ಕುರ್ಚಿ ಖಾಲಿ. ತಿಪಟೂರಿಗೆ ಟ್ರ್ಯಾಕ್ಟರಿನಲ್ಲಿ ಸಾಗಿಸುವಾಗ ದಾರಿಯಲ್ಲೇ ಹೋದಳು. ಗಂಡ ವರ್ಷ ತುಂಬುವ ಮೊದಲೇ ಇನ್ನೊಂದು ಮದುವೆಯಾಗಿ ಚಿಕ್ಕನಾಯಕನಹಳ್ಳಿ ಕಡೆ ಹೊರಟುಹೋದ. ಮಕ್ಕಳಿಲ್ಲದ ವೀರಭದ್ರಯ್ಯ ಕೂಸನ್ನು ಎತ್ತಿಕೊಂಡರು.

ಅಮ್ಮ ಹೇಗಿದ್ದಳು ಎಂದು ಮಗು ಕೇಳುವ ವಯಸ್ಸು ಬಂದಾಗ ಮಾವ ಅವಳಿಗೆ ಒಂದು ಕತೆ ಹೇಳಿದರು. "ನಿಮ್ಮಮ್ಮ ಹೋದಾಗ ಆ ವಿಷಯ ಸದನಕ್ಕೆ ಬಂತು ಕಣಮ್ಮ. ನಮ್ಮ ಎಮ್ಮೆಲ್ಲೆ ಎದ್ದು ಹೇಳಿದ್ರು. ಸ್ಪೀಕರ್ರು ಕನ್ನಡಕ ತೆಗೆದು ಕಣ್ಣೊರೆಸ್ಕಂಡ್ರು. ಆಮೇಲೆ ಇನ್ನೂರು ಇಪ್ಪತ್ತೈದು ಜನಾನೂ ಎದ್ದು ನಿಂತ್ರು. ಒಂದು ನಿಮಿಷ. ಸೂಜಿ ಬಿದ್ರೂ ಕೇಳ್ತಿತ್ತು."

"ಮುಖ್ಯಮಂತ್ರೀನೂ ನಿಂತಿದ್ರಾ?"

"ಮುಖ್ಯಮಂತ್ರೀನೂ."

"ನೀವು?"

"ನಾನು ಬರೀಬೇಕಲ್ಲ. ಕೂತಿದ್ದೆ."

ಅನ್ನ ತಿನ್ನದೆ ಹಟ ಮಾಡಿದಾಗ, ಜ್ವರ ಬಂದಾಗ, ಶಾಲೆಯಲ್ಲಿ ಯಾರೋ 'ತಾಯಿ ತಿಂದ್ಕಂಡವಳು' ಎಂದಾಗ ಅವಳು ಅದೇ ಕತೆ ಕೇಳುತ್ತಿದ್ದಳು. ಯಾರ ತಾಯಿಗೆ ಇಡೀ ಸದನ ಎದ್ದು ನಿಂತಿತ್ತು? ಏಳನೇ ಕ್ಲಾಸಿನಲ್ಲಿ ಭಾಷಣ ಮಾಡಿ ಹೇಳಿದಳು. ತುರುವೇಕೆರೆಯ ಶಾಲೆಯಲ್ಲಿ ಟೀಚರಾದ ಮೇಲೆ, ಶಾಸಕಾಂಗದ ಪಾಠ ಮಾಡುವಾಗ, ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಾ ಬಂದಳು. ಇವತ್ತು ಬರುವ ದೊಡ್ಡವರು ಆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡವರೇ. ಅದಕ್ಕೇ ಅವಳು ಗೊಣಗದೆ ಬ್ರಷ್ ಹಿಡಿದಿದ್ದು.

*

ಹತ್ತೂವರೆಗೆ ತುಮಕೂರು ಬಸ್ಸಿನಿಂದ ಗಂಗರಾಜು ಇಳಿದು ಬಂದರು. ವಿಧಾನಸಭೆಯಲ್ಲಿ ಮಾವನ ಜೊತೆ ಒಂದೇ ಮೇಜಿನಲ್ಲಿ ಕೂತು ಬರೆದವರು, ಅವರಿಗಿಂತ ನಾಲ್ಕು ವರ್ಷಕ್ಕೆ ಕಿರಿಯರು. ಸಣಕಲು ಆಳು. ಹೂವಿನ ಹಾರ ಹಾಕಿ, ಗೆಳೆಯನ ಪಾದ ಮುಟ್ಟಿ, ಕಣ್ಣು ಒರೆಸಿಕೊಳ್ಳುತ್ತಾ ಗೋಡೆಗೆ ಒರಗಲು ಹೋದವರು ಹಾಗೇ ನಿಂತುಬಿಟ್ಟರು.

"ಸುಣ್ಣ ಹಸಿ ಇದೆ ಸಾರ್, ಮೆತ್ಕಳ್ತದೆ," ಎಂದಳು ದಾನೇಶ್ವರಿ.

ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಹಸಿ ಸುಣ್ಣ ಒಣಗುವ ತನಕ ಬೆಳ್ಳಗಾಗುವುದಿಲ್ಲ, ಅಡಿಯದೆಲ್ಲ ನೀರಿನೊಳಗಿಂದ ಕಂಡಂತೆ ಕಾಣುತ್ತದೆ. ಗಂಗರಾಜು ಮೂಗು ತಾಗಿಸುವಷ್ಟು ಹತ್ತಿರ ಹೋದರು. ತುಟಿ ಅಲ್ಲಾಡಿದವು.

"ಮಾನ್ಯ ಅಧ್ಯಕ್ಷರೇ... ನಮ್ಮ ತಾಲೂಕಿನ... ಇಪ್ಪತ್ತಮೂರು ವರ್ಷ ವಯಸ್ಸಿನ..." ಅವರು ತಿರುಗಿ ನೋಡಿದರು. "ಇದನ್ನ ಯಾವಾಗ ಬರೆದ್ರು?"

"ಮಲಗಿದ್ದಾಗ. ಎಡಗೈಲಿ. ಅದಕ್ಕೆ ಅರ್ಥ ಇದೆಯಾ ಸಾರ್?"

"ಅರ್ಥ ಇದೆಯಾ ಅಂದ್ರೆ? ಎಡಗೈಲಿ ಬರ್ದವ್ರೆ, ಆದ್ರೂ ಗೀಟಿನ ದಪ್ಪ ತೆಳು ತಪ್ಪಿಲ್ಲ ನೋಡಮ್ಮ." ಅವರ ಬೆರಳು ಗೋಡೆಯ ಮೇಲೆ ಇನ್ನೊಂದು ಸಾಲಿಗೆ ಜಾರಿತು. "ಹೊಂಬಾಳಮ್ಮ... ಎಂಬ ಬಾಣಂತಿ..."

ದಾನೇಶ್ವರಿ ಅವರಿಗೆಂದು ತಂದ ನೀರಿನ ಲೋಟ ಹಿಡಿದೇ ಗೋಡೆಯ ಹತ್ತಿರ ಬಂದಳು. ಅಷ್ಟರಲ್ಲಿ ಬಿಸಿಲು ಜಗಲಿಗೆ ಏರಿತ್ತು. ಮೇಲಿನ ತುದಿಯಿಂದ ಗೋಡೆ ಬೆಳ್ಳಗಾಗುತ್ತಾ ಇಳಿಯುತ್ತಿತ್ತು. ಸಾಲುಗಳು ಒಂದೊಂದಾಗಿ ಮುಳುಗುತ್ತಿದ್ದವು. ಅವಳು ಲೋಟದ ನೀರನ್ನು ಗೋಡೆಗೆ ಎರಚಿ ಸೆರಗಿನಿಂದ ಉಜ್ಜಿದಳು. ಸುಣ್ಣ ಬಂತು. ಸುಣ್ಣದ ಜೊತೆ ಪೆನ್ಸಿಲ್ಲೂ ಬಂತು. ಸೆರಗಿನಲ್ಲಿ ಬೂದುಬಣ್ಣದ ಕೆಸರು ಉಳಿಯಿತು.

"ಉಜ್ಜಬೇಡ, ಉಜ್ಜಬೇಡ!" ಎಂದು ಗಂಗರಾಜು ಅವಳ ಕೈ ಹಿಡಿದರು. "ಹೋಯ್ತು ಬಿಡಮ್ಮ. ಇನ್ನು ಆ ಕಡೆ ಏನಾದ್ರೂ ಉಳಿದಿದೆಯಾ?"

ಅವಳು ಪಂಚೆಯ ಅಂಚು ಎತ್ತಿದಳು. ಕೂತಿದ್ದ ಮಾವನ ಬೆನ್ನ ಹಿಂದೆ ಗೋಡೆ ತುಂಬಾ ಗೀಟುಗಳಿದ್ದವು. ಗಂಗರಾಜು ಬಗ್ಗಿ ಓದಿದರು. ಓದಿ ಮುಗಿಸಿ, ಪಂಚೆಯನ್ನು ಮೊದಲಿನ ಹಾಗೇ ಇಳಿಬಿಟ್ಟರು.

"ಏನಿದೆ ಸಾರ್? ಎಲ್ರೂ ಎದ್ದು ನಿಂತಿದ್ದು ಬರ್ದಿದಾರಾ?"

"ಯಾರು ಎದ್ದು ನಿಂತಿದ್ದು?" ಎಂದರು ಗಂಗರಾಜು.

*

ಕಳ್ಳಿನಂತೆ ಹುಳಿ ಬಂದ ನಗುವೊಂದು ಅವರ ಮುಖದಲ್ಲಿ ಮೂಡಿ ಹೋಯಿತು. ಹಿತ್ತಿಲಿನ ಕಾಯಿರಾಶಿಯ ಪಕ್ಕ ಅವಳನ್ನು ಕೂರಿಸಿಕೊಂಡು ಅವರು ಹೇಳಿದ್ದು ಇಷ್ಟು.

ವರದಿಗಾರರ ಮೇಜು ಇರುವುದು ಸ್ಪೀಕರ್ ಪೀಠದ ಕೆಳಗೆ. ಒಬ್ಬೊಬ್ಬರಿಗೆ ಹತ್ತು ನಿಮಿಷದ ಪಾಳಿ. ಹತ್ತು ನಿಮಿಷ ಆದೊಡನೆ ಮುಂದಿನವನು ಬಂದು ಪಕ್ಕದಲ್ಲಿ ಕೂರುತ್ತಾನೆ, ಹಿಂದಿನವನು ಎದ್ದು ಹೋಗಿ ಬರೆದದ್ದನ್ನು ಟೈಪು ಮಾಡಿಸುತ್ತಾನೆ. ತಲೆ ಎತ್ತುವಂತಿಲ್ಲ, ನಗುವಂತಿಲ್ಲ, ಅಳುವಂತಿಲ್ಲ. ಆ ಚಳಿಗಾಲದ ಅಧಿವೇಶನದಲ್ಲಿ, ತಂಗಿಯನ್ನು ಮಣ್ಣು ಮಾಡಿ ಬಂದ ಒಂಬತ್ತನೆಯ ದಿನ, ವೀರಭದ್ರಯ್ಯ ಗಂಗರಾಜುವಿನ ಬಳಿ ಒಂದು ಪಾಳಿ ಬೇಡಿದರು. "ಆ ಹತ್ತು ನಿಮಿಷ ನಂಗೆ ಕೊಡು ಗಂಗಣ್ಣ. ಅರ್ಜಿ ಬರೆದು ಎಮ್ಮೆಲ್ಲೆಗೆ ಕೊಟ್ಟಿದೀನಿ, ಇವತ್ತು ಕೇಳ್ತಾರೆ. ನನ್ನ ತಂಗಿ ಹೆಸರು ನನ್ನ ಕೈಲೇ ಕಡತಕ್ಕೆ ಹೋಗ್ಲಿ."

ಎಮ್ಮೆಲ್ಲೆ ಎದ್ದಾಗ ಒಂದೂವರೆ ಗಂಟೆ, ಊಟದ ಹೊತ್ತು. ಅರ್ಧ ಕುರ್ಚಿ ಖಾಲಿ. ಹೆಸರು ಹೇಳಿದರು, ಊರು ಹೇಳಿದರು, ಟ್ರ್ಯಾಕ್ಟರ್ ಹೇಳಿದರು. ಪೀಠದಲ್ಲಿದ್ದವರು ಗಡಿಯಾರ ನೋಡಿ ಹೇಳಿದರು: "ನಿಮ್ಮ ಕಡೆಯವರು ತೆಂಗಿನಕಾಯಿ ಉದುರಿದ್ರೂ ಸದನಕ್ಕೆ ತರ್ತೀರಿ, ಹೆಂಗಸು ಹೆತ್ರೂ ಸದನಕ್ಕೆ ತರ್ತೀರಿ. ಹೆರಿಗೆ ಮಾಡ್ಸೋಕೆ ನಾನೇ ಬರ್ಲೇನ್ರೀ?"

ಸದನ ನಕ್ಕಿತು. ಆಳುವವರೂ ನಕ್ಕರು, ವಿರೋಧದವರೂ ನಕ್ಕರು. ಅಷ್ಟರಮಟ್ಟಿಗೆ ಆವತ್ತು ಪಕ್ಷಭೇದವಿರಲಿಲ್ಲ. ಯಾರೋ ಒಬ್ಬರು ಇದು ಸರಿಯಲ್ಲ ಎಂದಾಗ ಪೀಠದಿಂದ ಅಪ್ಪಣೆಯಾಯಿತು: "ಆಯ್ತು, ತೆಗೀರಿ ಅದನ್ನ. ಆ ಹೆಸರು ಗಿಸರು ಎಲ್ಲಾ ಕಡತದಿಂದ ತೆಗೆದುಹಾಕಿ. ಊಟಕ್ಕೆ ಏಳೋಣ."

"ನಾನು ಪಕ್ಕದಲ್ಲಿ ಬಂದು ಕೂತಿದ್ದೆ," ಎಂದರು ಗಂಗರಾಜು. "ಭುಜ ಮುಟ್ಟಿದೆ, ನಾನು ಬರೀತೀನಿ ಕೊಡಿ ಅಂತ. ಕೊಡವಿಬಿಟ್ರು. ನಗು ಅಂತ ಕಂಸದಲ್ಲಿ ಬರ್ದ್ರು. ಆಮೇಲೆ ಹೋಗಿ, ತಾವೇ ಕೂತು, ತಾವೇ ಹೊಡೆದುಹಾಕಿದ್ರು. ಅಚ್ಚಾದ ನಡಾವಳಿ ಪುಸ್ತಕದಲ್ಲಿ ಅಲ್ಲಿ ಬರೀ ಚುಕ್ಕೆ ಇದಾವೆ ಕಣಮ್ಮ. ಎದ್ದು ನಿಂತಿದ್ದು ಹೌದು. ಊಟಕ್ಕೆ."

ದಾನೇಶ್ವರಿಗೆ ಮೊದಲು ಬಂದ ಸಿಟ್ಟು ಸ್ಪೀಕರ್ ಮೇಲಲ್ಲ, ಮಾವನ ಮೇಲೆ. ಇಪ್ಪತ್ತೈದು ವರ್ಷ ಸುಳ್ಳು ಉಣಿಸಿದ ಈ ಮನುಷ್ಯ. ಕಡೆಗೆ ನಿಜ ಬರೆದಾಗಲೂ ಅವಳ ಕಣ್ಣೆದುರಿಗೇ ಬರೆದು, ಅವಳು ಓದಲಾಗದಂತೆ ಬರೆದ ಮನುಷ್ಯ. ನೆಟ್ಟಗೆ 'ಅ ಆ'ದಲ್ಲಿ ಬರೆಯಬಾರದಿತ್ತೇ?

"ಬರೆಯೋಕೆ ಆಯ್ತಿತ್ತೋ ಇಲ್ವೋ," ಎಂದರು ಗಂಗರಾಜು, ಅವಳು ಕೇಳದಿದ್ದರೂ. "ಅಷ್ಟು ವರ್ಷ ದುಡಿದ ಕೈ. ಕೊನೆಗೆ ಅದೊಂದೇ ಲಿಪಿ ಉಳ್ಕಂಡಿತ್ತೇನೋ. ಇಲ್ಲಾ, ನಿಂಗೆ ಹೇಳೋಕೂ ಆಗದೆ, ಹೇಳ್ದೆ ಸಾಯೋಕೂ ಆಗದೆ..."

ಅವಳು ತನ್ನ ಸೆರಗು ನೋಡಿಕೊಂಡಳು. ತಾವೇ ಹೊಡೆದುಹಾಕಿದ ಹೆಸರನ್ನು ಮತ್ತೆ ಬರೆಯಲು ಮಾವನಿಗೆ ಎಷ್ಟು ದಿನ ಹಿಡಿಯಿತೋ. ಅವಳಿಗೆ ಅಳಿಸಲು ಒಂದು ಲೋಟ ನೀರು ಸಾಕಾಗಿತ್ತು. ಆಗ ಸಿಟ್ಟು ಮಾವನನ್ನು ಬಿಟ್ಟು, ಅವಳನ್ನೂ ಸುಟ್ಟು, ಹೋಗಬೇಕಾದ ಕಡೆಗೆ ಹೊರಟಿತು.

*

ಹನ್ನೆರಡಕ್ಕೆ ಮೂರು ಕಾರು ಬಂದವು. ಅಂಗಳದಲ್ಲಿ ಚಾಪೆಯ ಮೇಲಿದ್ದವರು, ಭಜನೆಯವರು, ಅಯ್ಯನವರು ಎಲ್ಲರೂ ದಡಬಡಿಸಿ ಎದ್ದು ನಿಂತರು. ಕೂತೇ ಇದ್ದವರು ವೀರಭದ್ರಯ್ಯ ಒಬ್ಬರೇ.

ಮಾಜಿ ಸ್ಪೀಕರಿಗೆ ಎಂಬತ್ತರ ಹತ್ತಿರ. ಆದರೂ ತಾಲೂಕು ಪಂಚಾಯ್ತಿ ಚುನಾವಣೆ ಬಂತೆಂದರೆ ಕಾಲಿಗೆ ಬಲ ಬರುತ್ತದೆ, ಒಂದು ಸಾವನ್ನೂ ತಪ್ಪಿಸುವುದಿಲ್ಲ. ಪರಮೇಶ್ ಕೈಹಿಡಿದು ಜಗಲಿ ಹತ್ತಿಸಿದ. ಆಳೆತ್ತರದ ಹಾರ ಮಾವನ ಕೊರಳಿಗೆ ಬಿತ್ತು, ಗಂಗರಾಜು ಹಾಕಿದ್ದ ಸಣ್ಣ ಹಾರ ಅದರಡಿ ಹೂತುಹೋಯಿತು. ದೊಡ್ಡವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹೆಣದ ಹೆಗಲ ಮೇಲೆ ಕೈಯಿಟ್ಟರು. ಅವರ ಆಪ್ತ ಸಹಾಯಕ ಮೊಬೈಲು ಎತ್ತಿ ಹಿಡಿದ.

"ವೀರಭದ್ರಯ್ಯ ಅಂದ್ರೆ," ಎಂದರು ಅವರು ಮೊಬೈಲಿಗೆ, "ನಾನು ಪೀಠದಲ್ಲಿ ಆಡಿದ ಮಾತಿಗೆ ಒಂದಕ್ಷರ ಕೂಡಿಸ್ತಿರ್ಲಿಲ್ಲ, ಒಂದಕ್ಷರ ಕಳೀತಿರ್ಲಿಲ್ಲ. ಅಂಥಾ ಪ್ರಾಮಾಣಿಕ."

"ಹಂಗಾದ್ರೆ ಅವ್ರು ಬರ್ದಿರೋದು ಓದ್ಸಿ ಕೇಳ್ತೀರಾ ಸಾರ್?"

ದಾನೇಶ್ವರಿಯ ದನಿ ಎಷ್ಟು ಜೋರಾಗಿತ್ತೆಂದರೆ ಭಜನೆಯ ತಾಳ ನಿಂತಿತು. ಅತ್ತೆ "ಲೇ, ಸುಮ್ನಿರೇ" ಎಂದು ತೋಳು ಜಗ್ಗಿದಳು. ದಾನೇಶ್ವರಿ ಅವಳ ಕೈಮೇಲೆ ಕೈಯಿಟ್ಟು, ಇನ್ನೊಂದು ಕೈಯಲ್ಲಿ ಪಂಚೆಯನ್ನು ಮೊಳೆಯಿಂದ ಎಳೆದುಹಾಕಿದಳು.

"ಓದಿ ಗಂಗರಾಜು ಸಾರ್."

ಗಂಗರಾಜು ಗೋಡೆಯ ಹತ್ತಿರ ಬಂದರು. ಆ ಪೀಠದ ಕೆಳಗೆ ಅಷ್ಟು ವರ್ಷ ಕೂತವರು, ದೊಡ್ಡವರ ಎದುರಿಗೆ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಕನ್ನಡಕ ಹಾಕಿಕೊಂಡರು. "ಮೊದಲಿನ ಭಾಗ... ಸುಣ್ಣದಲ್ಲಿ ಹೋಗಿದೆ," ಎಂದು ಶುರುಮಾಡಿ, ಉಳಿದದ್ದನ್ನು ಓದಿದರು. ತೆಂಗಿನಕಾಯಿ ಓದಿದರು. ಹೆಂಗಸು ಹೆತ್ತದ್ದು ಓದಿದರು. 'ಕಂಸದಲ್ಲಿ ನಗು' ಎಂದು ಓದಿದರು. 'ಆ ಹೆಸರು ಗಿಸರು ಎಲ್ಲಾ' ಎಂಬುದನ್ನೂ ಬಿಡದೆ ಓದಿದರು.

"ಆ ಹೆಸರು ನಮ್ಮಮ್ಮಂದು," ಎಂದಳು ದಾನೇಶ್ವರಿ. "ಬರೀತಿದ್ದೋನು ಅವಳ ಸ್ವಂತ ಅಣ್ಣ. ನಿಮ್ಮ ಕಾಲ ಬುಡದಲ್ಲೇ ಕೂತಿದ್ದ."

ದೊಡ್ಡವರು ಗೋಡೆ ನೋಡಿದರು, ಅವಳನ್ನು ನೋಡಿದರು. ಆ ಕಣ್ಣಿನಲ್ಲಿ ನಾಚಿಕೆಯನ್ನೋ ಕೋಪವನ್ನೋ ಅವಳು ಹುಡುಕಿದಳು. ಇದ್ದದ್ದು ಬರೀ ಗಲಿಬಿಲಿ. ಅವರಿಗೆ ನೆನಪೇ ಇರಲಿಲ್ಲ. ಅವಳ ಮಾವ ಸಾಯುವ ತನಕ ಹೊತ್ತದ್ದನ್ನು ಇವರು ಆವತ್ತಿನ ಊಟದ ಜೊತೆಗೇ ಅರಗಿಸಿಕೊಂಡಿದ್ದರು.

"ನಾನಾ? ಯಾವಾಗಮ್ಮ?" ಎಂದರು. ಆಮೇಲೆ ಸಣ್ಣಗೆ ನಕ್ಕು, "ಸದನ ಅಂದ್ಮೇಲೆ ಒಂದ್ ಮಾತು ಬತ್ತದೆ, ಒಂದ್ ಮಾತು ಹೋಯ್ತದೆ. ಸಾವಿನ ಮನೇಲಿ ಇದೆಲ್ಲ ಯಾಕೆ?" ಎಂದು, ಸಹಾಯಕನ ಕಡೆ ತಿರುಗಿ, ದನಿ ತಗ್ಗಿಸದೆ ಹೇಳಿದರು:

"ತೆಗಿ ಅದನ್ನ. ಈಗಿಂದೆಲ್ಲ ತೆಗೆದುಹಾಕು."

ಸಹಾಯಕನ ಹೆಬ್ಬೆರಳು ಮೊಬೈಲಿನ ಮೇಲೆ ಆಡಿತು. ಗಂಗರಾಜುವಿನ ಬಲಗೈ ತೋರುಬೆರಳು ಅವರಿಗೇ ತಿಳಿಯದೆ ತೊಡೆಯ ಮೇಲೆ ಗೀಟು ಎಳೆಯುತ್ತಿತ್ತು. ಅಂಗಳದಲ್ಲಿ ಯಾರೂ ನಗಲಿಲ್ಲ.

ದಾನೇಶ್ವರಿ ಬಗ್ಗಿ ಆಳೆತ್ತರದ ಹಾರವನ್ನು ಮಾವನ ಕೊರಳಿನಿಂದ ಬಿಡಿಸಿದಳು. ಬಿಡಿಸುವಾಗ ವಿಭೂತಿ ಸ್ವಲ್ಪ ಉದುರಿತು. ಹಾರವನ್ನು ದೊಡ್ಡವರ ತೊಡೆಯ ಮೇಲೆ ಇಟ್ಟಳು.

"ತೆಗೆಯೋದು ನಮಗೂ ಬತ್ತದೆ," ಎಂದಳು. "ಎದ್ದೇಳಿ. ನಿಮ್ಗೆ ಊಟದ ಹೊತ್ತಾಯ್ತು."

ಪರಮೇಶ್ "ಏಯ್, ಯಾರ ಹತ್ರ ಮಾತಾಡ್ತಾ ಇದೀಯ ಗೊತ್ತೇನೇ?" ಎಂದು ಮುನ್ನುಗ್ಗಿದ. ಅವನನ್ನು ತಡೆದದ್ದು ಅತ್ತೆ. ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದಳು. "ನಂಗೊತ್ತಾಯ್ತು ಬುಡು ಈಗ," ಎಂದಳು. ಅಂಗಳದವರು ದಾರಿ ಬಿಟ್ಟರು. ಮೂರು ಕಾರೂ ಹೋದವು. ಯಾರೂ ಕಳಿಸಲು ಬಾಗಿಲತನಕ ಹೋಗಲಿಲ್ಲ.

*

ತೋಟದಲ್ಲಿ, ತಂಗಿಯ ಗದ್ದುಗೆಯ ಪಕ್ಕದಲ್ಲೇ, ಗುಣಿಯ ಗೂಡಿನೊಳಗೆ ಅಣ್ಣನನ್ನು ಕೂರಿಸಿದರು. ಬಿಲ್ವಪತ್ರೆ, ವಿಭೂತಿ ಗಟ್ಟಿ, ಆಮೇಲೆ ಮಣ್ಣು. ದಾನೇಶ್ವರಿ ಮೂರು ಹಿಡಿ ಹಾಕಿದಳು. ಸಿಟ್ಟು ಇಳಿದಿರಲಿಲ್ಲ. ಇಳಿಯಲಿ ಎಂದು ಅವಳಿಗೂ ಇರಲಿಲ್ಲ.

ಮನೆಗೆ ಬಂದಾಗ ನಾಲ್ಕು ಗಂಟೆ. ಗಂಗರಾಜು ಬಸ್ಸಿಗೆ ಹೋಗಿದ್ದರು. ಅವಳು ಬಳಿದ ಒಂದು ಮಾರಗಲದ ಪಟ್ಟಿ ಈಗ ಪೂರಾ ಒಣಗಿ ಬೆಳ್ಳಗೆ ಹೊಳೆಯುತ್ತಿತ್ತು, ನಡುವೆ ಉಜ್ಜಿದ ಕಡೆ ಮಾತ್ರ ಕೆಂಪು ಗಾರೆ ಕಾಣುತ್ತಿತ್ತು. ಅದರಾಚೆಗೆ ಮಾವನ ಗೀಟುಗಳು. ಮಂಚದ ಕಾಲಿನ ಬಳಿ ದಾರ ಕಟ್ಟಿದ ಪೆನ್ಸಿಲ್ ತುಂಡು ಬಿದ್ದಿತ್ತು, ಬೆರಳುದ್ದವೂ ಇಲ್ಲ.

ಎತ್ತಿಕೊಂಡಳು. ಬಿಳಿಯ ಮೇಲೆ ಬರೆದಳು, ಒಂದೊಂದೇ ಅಕ್ಷರ, ಒಂದನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ ಬರೆಯುವ ಹಾಗೆ: ಹೊಂಬಾಳಮ್ಮ.

ಅತ್ತೆ ಕಾಲು ತೊಳೆದು ಜಗಲಿಗೆ ಬಂದಳು. ಓದು ಬಾರದ ಅವಳು ಗೋಡೆಯನ್ನೇ ನೋಡುತ್ತ ನಿಂತಳು.

"ಏನು ಬರ್ದೆ?"

ದಾನೇಶ್ವರಿ ಹೇಳಿದಳು.

"ಬೀದಿಗೆ ಕಾಣ್ತದಾ?"

"ಇಲ್ಲ ಅತ್ತೆ. ಪೆನ್ಸಿಲ್ಲು."

ಗಿರಿಜಾಂಬಿಕಾ ಅಡುಗೆಮನೆಗೆ ಹೋಗಿ ಒಲೆಯಿಂದ ಒಂದು ಇದ್ದಿಲು ತಂದು ಅವಳ ಕೈಗೆ ಕೊಟ್ಟಳು. ಆಮೇಲೆ ಉಳಿದ ಸುಣ್ಣದ ಬಕೇಟನ್ನು ಎರಡೂ ಕೈಯಲ್ಲಿ ಎತ್ತಿ, ಅಂಗಳ ದಾಟಿ, ಬೀದಿಯಲ್ಲಿ ಕಾರಿನ ಚಕ್ರಗಳು ಬಿಟ್ಟುಹೋಗಿದ್ದ ಗುರುತಿನ ಮೇಲೆ ಸುರಿದು, ಬಕೇಟನ್ನು ಅಲ್ಲೇ ಬೋರಲು ಹಾಕಿದಳು.